ವಿಮಾನ ನಿಲ್ದಾಣಕ್ಕೂ ಪರವಾನಗಿ ಬೇಕು – ಬಜ್ಪೆಯ ಗುಡ್ಡ ಕಲಿಸಿದ ಪಾಠ

ಕೂಳೂರಿನಿಂದ ತಣ್ಣೀರುಬಾವಿಯ ಕಡೆಗೆ ಹೋಗುವಾಗ ಫಲ್ಗುಣಿ ನದಿಯ ದಡದಲ್ಲಿ ಒಂದು ಸ್ಮಾರಕ ಸಿಗುತ್ತದೆ. 2010ರ ಮೇ 22ರ ಶನಿವಾರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಮಾತ್ರ ಬದುಕಿ ಬಂದರು. ಗುರುತು ಹಿಡಿಯಲಾಗದೆ ಉಳಿದ 12 ಮಂದಿಯನ್ನು ಆ ನದಿ ದಡದಲ್ಲೇ ಮಣ್ಣು ಮಾಡಲಾಯಿತು. ಅವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು, ಕ್ರೈಸ್ತ ಯಾರು ಎಂದು ಇಂದಿಗೂ ಯಾರೂ ಹೇಳಲಾರರು. ಪ್ರತಿ ವರ್ಷ ಮೇ 22ರಂದು ಅಲ್ಲಿ ಹೂವಿಟ್ಟು ತಲೆಬಾಗುವಾಗ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಆ ಗುಡ್ಡದ ತುದಿಯಲ್ಲಿ ವಿಮಾನ ಇಳಿಯಬಹುದು ಎಂದು ಹೇಳಿದವರು ಯಾರು? ಯಾವ ಆಧಾರದ ಮೇಲೆ ಹೇಳಿದರು?

ಈ ಪ್ರಶ್ನೆಗೆ ಉತ್ತರ ಇರುವುದು ನಾವು ಹೆಚ್ಚಾಗಿ ಗಮನಿಸದ ಒಂದು ಕಡತದಲ್ಲಿ. ಅದೇ ವಿಮಾನ ನಿಲ್ದಾಣದ ಪರವಾನಗಿ. ಬಸ್ಸು ಓಡಿಸಲು ಪರ್ಮಿಟ್ ಬೇಕು, ಹೋಟೆಲು ನಡೆಸಲು ಲೈಸೆನ್ಸ್ ಬೇಕು ಎಂಬುದು ನಮಗೆಲ್ಲ ತಿಳಿದಿದೆ. ವಿಮಾನ ನಿಲ್ದಾಣ ನಡೆಸುವವರೂ ಅರ್ಜಿ ಹಾಕಬೇಕು, ತಪಾಸಣೆಗೆ ಒಳಗಾಗಬೇಕು, ಪರವಾನಗಿ ಪಡೆಯಬೇಕು, ಅವಧಿ ಮುಗಿದಾಗ ನವೀಕರಿಸಬೇಕು ಎಂಬುದು ಅನೇಕರಿಗೆ ಗೊತ್ತಿಲ್ಲ. ಮನೆಗೊಬ್ಬರಂತೆ ಗಲ್ಫ್‌ಗೆ ಹೋಗಿ ಬರುವ ಈ ಕರಾವಳಿಯ ಜನ ಇದನ್ನು ತಿಳಿದುಕೊಳ್ಳುವುದು ಅಗತ್ಯ.

ರಿಬ್ಬನ್ ಕತ್ತರಿಸಿದರೆ ಸಾಲದು

ಶಿವಮೊಗ್ಗ ವಿಮಾನ ನಿಲ್ದಾಣವನ್ನು ಪ್ರಧಾನಿ ನರೇಂದ್ರ ಮೋದಿಯವರು 2023ರ ಫೆಬ್ರವರಿ 27ರಂದು ಉದ್ಘಾಟಿಸಿದರು. ಆದರೆ ಅಲ್ಲಿಗೆ ಮೊದಲ ಪ್ರಯಾಣಿಕ ವಿಮಾನ ಬಂದದ್ದು ಅದೇ ವರ್ಷ ಆಗಸ್ಟ್ 31ರಂದು. ನಡುವೆ ಆರು ತಿಂಗಳು ಕಳೆದಿತ್ತು. ನವಿ ಮುಂಬೈ ನಿಲ್ದಾಣದ ಉದ್ಘಾಟನೆ 2025ರ ಅಕ್ಟೋಬರ್ 8ರಂದು ಆಯಿತು. ಪ್ರಯಾಣಿಕರು ಹತ್ತಿಳಿದದ್ದು ಡಿಸೆಂಬರ್ 25ರಿಂದ. ಸಮಾರಂಭ ಬೇರೆ, ಸಿದ್ಧತೆ ಬೇರೆ. ವೇದಿಕೆ ಕಟ್ಟಲು ಒಂದು ವಾರ ಸಾಕು. ನಿಲ್ದಾಣವನ್ನು ಸಿದ್ಧಗೊಳಿಸಿ, ಅದು ಸಿದ್ಧವಾಗಿದೆ ಎಂದು ಇಲಾಖೆಗಳಿಗೆ ಮನವರಿಕೆ ಮಾಡಿಕೊಡಲು ತಿಂಗಳುಗಳೇ ಬೇಕು.

ನಮ್ಮ ದೇಶದಲ್ಲಿ ಈ ಪರವಾನಗಿ ನೀಡುವವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. 1937ರ ವಿಮಾನ ನಿಯಮಗಳ 78ನೇ ನಿಯಮ ಈ ಪದ್ಧತಿಗೆ ಬುಡ. 1934ರ ವಿಮಾನ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಆದರೆ ನಿಯಮ ಪುಸ್ತಕದಲ್ಲಿದ್ದ ಮಾತ್ರಕ್ಕೆ ಎಲ್ಲ ನಿಲ್ದಾಣಗಳಿಗೂ ಮೊದಲಿನಿಂದ ಪರವಾನಗಿ ಇತ್ತೆಂದು ತಿಳಿಯಬಾರದು. ಬಹುಕಾಲ ಸರಕಾರವೇ ನಿಲ್ದಾಣಗಳ ಒಡೆಯ, ಸರಕಾರವೇ ಅವುಗಳ ತನಿಖಾಧಿಕಾರಿ ಎಂಬ ಸ್ಥಿತಿ ಇತ್ತು. ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಕಾವೊ) ಈ ಸ್ಥಿತಿಗೆ ತಡೆ ಹಾಕಿತು. ವಿದೇಶಿ ಸಂಚಾರಕ್ಕೆ ಬಳಸುವ ಪ್ರತಿಯೊಂದು ನಿಲ್ದಾಣಕ್ಕೂ 2003ರ ನವೆಂಬರ್ 27ರಿಂದ ಪ್ರಮಾಣೀಕರಣ ಕಡ್ಡಾಯವೆಂದು ಅದರ 14ನೇ ಅನುಬಂಧ ವಿಧಿಸಿತು. ಆ ಬಳಿಕವೇ ನಮ್ಮ ದೇಶದ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳೂ ಒಂದೊಂದಾಗಿ ಅರ್ಜಿ ಹಿಡಿದು ಡಿಜಿಸಿಎ ಬಾಗಿಲಿಗೆ ಬಂದವು.

ಅರ್ಜಿಯ ಹಿಂದೆ ಏನೇನಿದೆ?

ಅರ್ಜಿ ಎಂದರೆ ಒಂದು ಫಾರಂ ತುಂಬಿ ಶುಲ್ಕ ಕಟ್ಟುವ ಕೆಲಸ ಎಂದು ಭಾವಿಸಿದರೆ ತಪ್ಪು. ಮೊದಲಿಗೆ ಜಾಗದ ಅನುಮೋದನೆ. ಬಳಿಕ ಪರಿಸರ ಇಲಾಖೆ, ರಕ್ಷಣಾ ಇಲಾಖೆ, ಗೃಹ ಇಲಾಖೆಗಳ ಒಪ್ಪಿಗೆ. ಭದ್ರತೆಯ ಕುರಿತು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಒಪ್ಪಿಗೆ ಬೇರೆ. ವಿಮಾನಗಳಿಗೆ ದಾರಿ ತೋರುವ ವಾಯು ಸಂಚಾರ ನಿಯಂತ್ರಣಕ್ಕೆ ಪ್ರಾಧಿಕಾರದ ಜತೆ ಒಪ್ಪಂದ, ಹವಾಮಾನ ವರದಿಗೆ ಹವಾಮಾನ ಇಲಾಖೆಯ ಜತೆ ವ್ಯವಸ್ಥೆ ಇರಬೇಕು. ರನ್‌ವೇಯ ಸುತ್ತ ಎಷ್ಟು ದೂರದಲ್ಲಿ ಎಷ್ಟು ಎತ್ತರದ ಗುಡ್ಡ, ಕಟ್ಟಡ, ಗೋಪುರ, ಮರ ಇದೆ ಎಂಬುದನ್ನು ಅಳೆದು ನಕ್ಷೆ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಿಲ್ದಾಣದ ಕೈಪಿಡಿ. ಐಕಾವೊ ಮಾದರಿಯಂತೆ ಇದರಲ್ಲಿ ಐದು ಭಾಗಗಳು. ನಿಲ್ದಾಣದ ಸಾಮಾನ್ಯ ಮಾಹಿತಿ, ಜಾಗದ ವಿವರ, ಪೈಲಟ್‌ಗಳಿಗಾಗಿ ಪ್ರಕಟಿಸುವ ಅಳತೆಗಳು, ದಿನನಿತ್ಯದ ಕಾರ್ಯವಿಧಾನ ಮತ್ತು ಸುರಕ್ಷತಾ ಕ್ರಮಗಳು, ಕೊನೆಯದಾಗಿ ಆಡಳಿತ ಮತ್ತು ಸುರಕ್ಷತಾ ನಿರ್ವಹಣೆ. ರನ್‌ವೇಯನ್ನು ದಿನಕ್ಕೆ ಎಷ್ಟು ಬಾರಿ, ಯಾರು ಪರೀಕ್ಷಿಸುತ್ತಾರೆ? ದೀಪ ಕೆಟ್ಟರೆ ಯಾರಿಗೆ ತಿಳಿಸಬೇಕು? ಹಕ್ಕಿಗಳನ್ನು ಓಡಿಸುವವರು ಯಾರು? ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಎಷ್ಟು ಹೊತ್ತಿಗೆ ತಲುಪುತ್ತದೆ? ಈ ಕೊನೆಯ ಪ್ರಶ್ನೆಗೆ ಅಂತಾರಾಷ್ಟ್ರೀಯ ಮಾನದಂಡ ನೀಡುವ ಉತ್ತರ ಮೂರು ನಿಮಿಷ. ಸಾಧ್ಯವಾದರೆ ಎರಡು ನಿಮಿಷ. ಪೂರ್ಣ ಪ್ರಮಾಣದ ತುರ್ತು ಅಣಕು ಕಾರ್ಯಾಚರಣೆಯನ್ನು ಎರಡು ವರ್ಷಕ್ಕೊಮ್ಮೆಯಾದರೂ ನಡೆಸಬೇಕು.

ಕೈಪಿಡಿ ಬರೆದುಕೊಟ್ಟ ಮೇಲೆ ತನಿಖಾಧಿಕಾರಿಗಳು ಬರುತ್ತಾರೆ. ಬರೆದದ್ದು ನೆಲದ ಮೇಲೆ ಇದೆಯೇ ಎಂದು ನೋಡುತ್ತಾರೆ. ಇಲ್ಲದ್ದನ್ನು ಕೊರತೆ ಎಂದು ದಾಖಲಿಸುತ್ತಾರೆ. ಕೊರತೆಯನ್ನು ಯಾವಾಗ ಸರಿಪಡಿಸುತ್ತೀರಿ, ಅಲ್ಲಿಯವರೆಗೆ ಅಪಾಯವನ್ನು ತಗ್ಗಿಸಲು ಏನು ಮಾಡುತ್ತೀರಿ ಎಂದು ಅರ್ಜಿದಾರ ಬರೆದು ಕೊಡಬೇಕು. ಇದೆಲ್ಲ ಮುಗಿದ ಬಳಿಕವೇ ಪರವಾನಗಿ.

ಅರ್ಜಿಯನ್ನು ಯಾರು ಹಾಕಬಹುದು? ಭಾರತೀಯ ನಾಗರಿಕ, ಇಲ್ಲಿ ನೋಂದಾಯಿತವಾದ ಕಂಪೆನಿ, ಕೇಂದ್ರ ಅಥವಾ ರಾಜ್ಯ ಸರಕಾರ ಹಾಕಬಹುದು. ಸರಕಾರವೂ ಅರ್ಜಿದಾರ ಎಂಬುದನ್ನು ಗಮನಿಸಿ. ಶಿವಮೊಗ್ಗದಲ್ಲಿ ನಿಲ್ದಾಣ ನಡೆಸುತ್ತಿರುವುದು ರಾಜ್ಯ ಸರಕಾರದ ಸಂಸ್ಥೆಯೇ. ಸುರಕ್ಷತೆಯ ಮುಂದೆ ಸರಕಾರಕ್ಕೂ ಖಾಸಗಿಯವರಿಗೂ ಒಂದೇ ಸಾಲು.

ಬಜ್ಪೆಯಲ್ಲಿ ನಡೆದದ್ದೇನು?

ಬಜ್ಪೆ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪಂಡಿತ್ ನೆಹರೂ ಅಂದು ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಗುಡ್ಡವನ್ನು ತಟ್ಟೆ ಮಾಡಿ ಹಾಕಿದ ಹಳೆಯ ರನ್‌ವೇ 1,615 ಮೀಟರ್ ಉದ್ದವಿತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನ ಅದರ ತುದಿ ದಾಟಿ ಕಮರಿಯ ಅಂಚಿನಲ್ಲಿ ನಿಂತಿತು. ಅದರಲ್ಲಿ ವೀರಪ್ಪ ಮೊಯ್ಲಿ ಅವರೂ ಇದ್ದರು. ಯಾರೂ ಸಾಯಲಿಲ್ಲ. ಪುಣ್ಯಕ್ಕೆ ಉಳಿದೆವು ಎಂದು ಜನ ನಿಟ್ಟುಸಿರು ಬಿಟ್ಟರು. ಆದರೆ ಅದು ಗುಡ್ಡ ಕೊಟ್ಟ ಮೊದಲ ಎಚ್ಚರಿಕೆಯಾಗಿತ್ತು.

ಎರಡನೆಯ ರನ್‌ವೇಯ ಯೋಜನೆ ಬಂದಾಗ ಊರಿನವರೂ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಘಟನೆಯೂ ವಿರೋಧಿಸಿ 1997ರಲ್ಲಿ, ಮತ್ತೆ 2002ರಲ್ಲಿ ಹೈಕೋರ್ಟಿಗೆ ಹೋದರು. ಸುತ್ತ ಕಮರಿಗಳಿರುವಾಗ ತುದಿಯಲ್ಲಿ ಸಾಕಷ್ಟು ಸುರಕ್ಷತಾ ಜಾಗ ಸಿಗುವುದಿಲ್ಲ ಎಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಅರ್ಜಿಗಳು ವಜಾಗೊಂಡವು. 2003ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ವಜಾ ಮಾಡುತ್ತಲೇ, ಕಾನೂನು ಮತ್ತು ನಿಯಮಗಳನ್ನೆಲ್ಲ ಪಾಲಿಸಿ ಕಟ್ಟಬೇಕು ಎಂದು ಸರಕಾರಕ್ಕೆ ಸೂಚಿಸಿತು. 2,450 ಮೀಟರಿನ ಹೊಸ ರನ್‌ವೇ 2006ರಲ್ಲಿ ಬಳಕೆಗೆ ಬಂತು. ನಮಗೆಲ್ಲ ಸಂತೋಷವಾಯಿತು. ಮುಂಬೈಗೆ ಹೋಗಿ ವಿಮಾನ ಬದಲಿಸುವ ಕಷ್ಟ ತಪ್ಪಿತ್ತು. ವಯಸ್ಸಾದ ತಾಯಂದಿರು ಮಕ್ಕಳನ್ನು ನೋಡಲು ನೇರವಾಗಿ ದುಬೈಗೆ ಹಾರಿದರು. ಆ ಸಂತೋಷ ಸುಳ್ಳಲ್ಲ. ಆದರೆ ರನ್‌ವೇಯ ತುದಿಯಲ್ಲಿ ಏನಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೆವು?

2010ರ ದುರಂತದ ತನಿಖೆಯನ್ನು ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ನಡೆಸಿತು. ನೇರ ಕಾರಣ ಪೈಲಟ್‌ನ ತಪ್ಪು ಎಂದು ಅದು ಸ್ಪಷ್ಟವಾಗಿ ಹೇಳಿತು. ವಿಮಾನ ಅತಿ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಬಾರಿ ಮೇಲೇರಲು ಹೇಳಿದರೂ, ಯಂತ್ರ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಕ್ಯಾಪ್ಟನ್ ಹಾರಾಟದ ನಡುವೆ ದೀರ್ಘ ಕಾಲ ನಿದ್ರೆಯಲ್ಲಿದ್ದುದನ್ನೂ, ಮಂಗಳೂರಿನ ರೇಡಾರ್ ಆಗ ಕೆಲಸ ಮಾಡದೆ ಇದ್ದುದನ್ನೂ ವರದಿ ಪೂರಕ ಕಾರಣಗಳೊಳಗೆ ಸೇರಿಸಿತು.

ಅಷ್ಟಕ್ಕೆ ವಿಷಯ ಮುಗಿಯಲಿಲ್ಲ. ರನ್‌ವೇಯ ತುದಿಯಾಚೆ ವಿಮಾನದ ಬಲ ರೆಕ್ಕೆ, ಇಳಿಯುವ ದಾರಿ ತೋರುವ ಲೋಕಲೈಜರ್ ಆಂಟೆನಾದ ಕಾಂಕ್ರೀಟ್ ನೆಲೆಗೆ ಬಡಿಯಿತು. ಅದರಾಚೆ ಕಮರಿ. ಇಂತಹ ಆಧಾರಗಳು ಬಡಿದರೆ ಮುರಿದು ಬೀಳುವಂತಿರಬೇಕು, ಗುಡ್ಡದ ಮೇಲಿನ ನಿಲ್ದಾಣಗಳಲ್ಲಿ ಓಡಿ ಬಂದ ವಿಮಾನವನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಬೇಕು ಎಂದು ವರದಿ ಶಿಫಾರಸು ಮಾಡಿತು. ರಕ್ಷಣೆಗೆ ಧಾವಿಸಿದವರಿಗೆ ಇಕ್ಕಟ್ಟಾದ ದಾರಿ, ಸೇರಿದ ಜನಜಂಗುಳಿ ಎರಡೂ ಅಡ್ಡಿಯಾದವು.

ನಿಯಮ ಪಾಲಿಸಿದರೆ ಸುರಕ್ಷತೆ ಬಂತೇ?

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ರನ್‌ವೇಯ ತುದಿಯಲ್ಲಿ ಮೊದಲು 60 ಮೀಟರಿನ ಪಟ್ಟಿ, ಅದರಾಚೆ ‘ರೆಸಾ’ ಎಂದು ಕರೆಯುವ ಸುರಕ್ಷತಾ ಪ್ರದೇಶ ಇರಬೇಕು. ಐಕಾವೊ ಪ್ರಕಾರ ದೊಡ್ಡ ವಿಮಾನಗಳು ಇಳಿಯುವಲ್ಲಿ ರೆಸಾ ಕಡ್ಡಾಯವಾಗಿ 90 ಮೀಟರ್ ಇರಬೇಕು. 240 ಮೀಟರ್ ಇರುವುದು ಒಳಿತು ಎಂಬುದು ಶಿಫಾರಸು. ಬಜ್ಪೆಯಲ್ಲಿ ಇದ್ದದ್ದು 90 ಮೀಟರ್. ಅಂದರೆ ಕಡ್ಡಾಯವಾದದ್ದು ಇತ್ತು, ಒಳಿತಾದದ್ದು ಇರಲಿಲ್ಲ. ಗುಡ್ಡದ ತುದಿಯಲ್ಲಿ 240 ಮೀಟರ್ ಬೇಕಾದರೆ ಕಮರಿ ತುಂಬಿಸಬೇಕು, ಇಲ್ಲವೇ ರನ್‌ವೇಯನ್ನೇ ಕಡಿಮೆ ಮಾಡಬೇಕು. ಒಂದಕ್ಕೆ ಹಣ ಮತ್ತು ಜಮೀನು ಬೇಕು, ಇನ್ನೊಂದಕ್ಕೆ ದೊಡ್ಡ ವಿಮಾನಗಳನ್ನು ಬಿಡುವ ಮನಸ್ಸು ಬೇಕು.

ಪೈಲಟ್ ತಪ್ಪು ಮಾಡಿದ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಮನುಷ್ಯ ತಪ್ಪು ಮಾಡುತ್ತಾನೆ ಎಂಬುದು ಪಾಪನಿವೇದನೆಯ ಪೀಠದಲ್ಲಿ ಕುಳಿತವನಿಗೆ ಹೊಸ ವಿಷಯವಲ್ಲ. ಪ್ರಶ್ನೆ ಇರುವುದು, ಒಬ್ಬನ ತಪ್ಪಿಗೆ 158 ಮಂದಿ ಬೆಲೆ ತೆರಬೇಕೇ ಎಂಬುದರಲ್ಲಿ. ಸಮತಟ್ಟಾದ ಊರಿನಲ್ಲಿ ಇದೇ ತಪ್ಪು ಮಾಡಿದ್ದರೆ ವಿಮಾನ ಗದ್ದೆಗೆ ನುಗ್ಗಿ ನಿಲ್ಲುವ ಸಾಧ್ಯತೆಯಾದರೂ ಇತ್ತು. ನಿಲ್ದಾಣದ ನೆಲ ತಪ್ಪನ್ನು ಸಹಿಸಬಲ್ಲದೇ ಎಂದು ಮುಂಚಿತವಾಗಿ ಕೇಳುವ ಜಾಗವೇ ಪರವಾನಗಿಯ ಅರ್ಜಿ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ಮಳೆಯ ಸಂಜೆ ಕೋಝಿಕೋಡಿನಲ್ಲಿ ಅದೇ ಕಥೆ ಮರುಕಳಿಸಿತು. ಅದೇ ಕಂಪೆನಿಯ ವಿಮಾನ, ಅದೇ ದುಬೈಯಿಂದ, ಅದೇ ರೀತಿಯ ಗುಡ್ಡದ ಮೇಲಿನ ರನ್‌ವೇ. 21 ಮಂದಿ ಸತ್ತರು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಚಕ್ರ ಬಿಡಿಸದೆ ಇಳಿದ ಜೇಜು ಏರ್ ವಿಮಾನ ರನ್‌ವೇಯಾಚೆ ಜಾರಿತು. ಅಲ್ಲಿ ಕಮರಿ ಇರಲಿಲ್ಲ, ಸಮತಟ್ಟಾದ ನೆಲವಿತ್ತು. ಆದರೆ ಲೋಕಲೈಜರ್ ಆಂಟೆನಾ ನಿಲ್ಲಿಸಲು ಕಾಂಕ್ರೀಟ್ ಹಾಕಿ ಕಟ್ಟಿದ ಮಣ್ಣಿನ ದಿಬ್ಬವಿತ್ತು. ವಿಮಾನ ಅದಕ್ಕೆ ಬಡಿದು ಸಿಡಿಯಿತು. 181 ಮಂದಿಯಲ್ಲಿ ಉಳಿದವರು ಇಬ್ಬರೇ. ಬಜ್ಪೆಯ ವರದಿಯ ಆ ಎರಡು ಸಾಲುಗಳನ್ನು ಜಗತ್ತು ಗಂಭೀರವಾಗಿ ಓದಿದ್ದರೆ ಎಂದು ಅನ್ನಿಸದೆ ಇರದು. ಮುವಾನ್ ನಿಲ್ದಾಣವೂ ಕಾನೂನುಬದ್ಧವಾಗಿಯೇ ನಡೆಯುತ್ತಿತ್ತು.

ಆದುದರಿಂದ ಪರವಾನಗಿಯನ್ನು ಮುಕ್ತಾಯ ಎಂದು ನೋಡಬಾರದು. ಕನಿಷ್ಠ ಅಂಕ ಪಡೆದು ಪಾಸಾದ ವಿದ್ಯಾರ್ಥಿಯೂ ಪಾಸೇ. ಆದರೆ ಅವನ ಕೈಯಲ್ಲಿ ನಮ್ಮ ಮಕ್ಕಳ ಜೀವ ಇರುವಾಗ ಕನಿಷ್ಠ ಅಂಕ ನಮಗೆ ಸಾಕೇ?

ಕೈ ಬದಲಾದಾಗ ಹೊಣೆ ಯಾರದು?

ಮಂಗಳೂರು ನಿಲ್ದಾಣವನ್ನು 2020ರ ಅಕ್ಟೋಬರ್ 31ರಿಂದ ಅದಾನಿ ಸಮೂಹ ನಡೆಸುತ್ತಿದೆ. ಗುತ್ತಿಗೆ 50 ವರ್ಷದ್ದು. ಖಾಸಗೀಕರಣ ಸರಿಯೇ ತಪ್ಪೇ ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಆದರೆ ಇಂದಿನ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಬೇಕು. ಟರ್ಮಿನಲ್, ರನ್‌ವೇ, ಅದರ ನಿರ್ವಹಣೆ ಕಂಪೆನಿಯ ಕೈಯಲ್ಲಿದೆ. 2023ರ ಆರಂಭದಲ್ಲಿ ಹಗಲು ಹೊತ್ತು ರನ್‌ವೇ ಮುಚ್ಚಿ, ಕಾಂಕ್ರೀಟಿನ ಮೇಲೆ ಡಾಮರು ಹೊದಿಸಿದ್ದು ಅದೇ ಕಂಪೆನಿ. ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಕೈಯಲ್ಲಿದೆ. ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು. ಜಮೀನು ಒದಗಿಸಬೇಕಾದದ್ದು ರಾಜ್ಯ ಸರಕಾರ. ಪರೀಕ್ಷೆ ಮಾಡುವುದು ಡಿಜಿಸಿಎ.

ಐದು ಮಂದಿ ಸೇರಿ ಹೊತ್ತ ಹೊರೆಯಲ್ಲಿ ಯಾರ ಹೆಗಲು ಜಾರಿತೆಂದು ಹೇಳುವುದು ಕಷ್ಟ. ರನ್‌ವೇ ವಿಸ್ತರಣೆಯ ಮಾತು ವರ್ಷಗಳಿಂದ ನಡೆದಿದೆ. ಜಮೀನು, ಹಣ ಎಂದಾಗಲೆಲ್ಲ ಒಬ್ಬರು ಇನ್ನೊಬ್ಬರತ್ತ ನೋಡುತ್ತಾರೆ. ಪರವಾನಗಿಯ ಬೆಲೆ ಗೊತ್ತಾಗುವುದು ಇಲ್ಲಿಯೇ. ಅದರಲ್ಲಿ ಒಂದು ಹೆಸರಿರುತ್ತದೆ. ಆ ಹೆಸರಿನವರು ಉತ್ತರ ಕೊಡಬೇಕು. ಕೊರತೆಗಳ ಪಟ್ಟಿ ಇರುತ್ತದೆ, ಅದಕ್ಕೆ ಗಡುವು ಇರುತ್ತದೆ. ಪರವಾನಗಿ ಪಡೆದ ನಿಲ್ದಾಣಗಳ ಪಟ್ಟಿಯನ್ನು ಡಿಜಿಸಿಎ ಪ್ರಕಟಿಸುತ್ತದೆ. ಪ್ರತಿ ನವೀಕರಣದ ಹೊತ್ತಿಗೆ ನಮ್ಮ ಸಂಸದರು, ಶಾಸಕರು, ವಾಣಿಜ್ಯ ಸಂಘಗಳು ಹೊಸ ವಿಮಾನ ಯಾವಾಗ ಎಂದು ಕೇಳುವ ಜತೆಗೆ ತುದಿಯಲ್ಲಿ ಎಷ್ಟು ಜಾಗ ಆಯಿತು, ವಿಮಾನ ತಡೆಯುವ ವ್ಯವಸ್ಥೆ ಎಲ್ಲಿಗೆ ಬಂತು ಎಂದೂ ಕೇಳಬೇಕು.

ನಮ್ಮ ಧರ್ಮಕೇಂದ್ರಗಳಿಗೆ ಏನು ಸಂಬಂಧ?

ಸಂಬಂಧ ಇದೆ. ನಿಲ್ದಾಣದ ಸುರಕ್ಷತೆ ಆವರಣ ಗೋಡೆಗೆ ನಿಲ್ಲುವುದಿಲ್ಲ.

ಮೊದಲನೆಯದು ಎತ್ತರ. ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಹಾಕುವ 2015ರ ಕೇಂದ್ರ ನಿಯಮಗಳಿವೆ. ಬಣ್ಣ ಹಾಕಿದ ವಲಯ ನಕ್ಷೆ ನೋಡಿ, ಬೇಕಾದಲ್ಲಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇಗರ್ಜಿಯ ಗಂಟೆ ಗೋಪುರ, ಶಾಲೆಯ ಹೊಸ ಮಹಡಿ, ಬಾಡಿಗೆಗೆ ಕೊಟ್ಟ ಜಾಗದಲ್ಲಿ ನಿಲ್ಲುವ ಮೊಬೈಲ್ ಟವರ್, ಎಲ್ಲಕ್ಕೂ ಇದು ಅನ್ವಯ. ದೇವರ ಮನೆಗೆ ಎತ್ತರದ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ವಿಮಾನದ ರೆಕ್ಕೆಗೆ ಶಿಲುಬೆಯೂ ಒಂದೇ, ಟವರೂ ಒಂದೇ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಮೇಲೇರಿದ ವಿಮಾನ ವೈದ್ಯ ವಿದ್ಯಾರ್ಥಿಗಳ ಹಾಸ್ಟೆಲಿನ ಮೇಲೆ ಬಿದ್ದು ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತ ಮೇಲೆ, ನಿಲ್ದಾಣಗಳ ಸುತ್ತಲಿನ ಅಡೆತಡೆ ತೆರವಿನ ಕರಡು ನಿಯಮಗಳನ್ನು ಕೇಂದ್ರ ಪ್ರಕಟಿಸಿತು. ಪಾಲನಾ ಮಂಡಳಿಗಳು ನೀಲನಕ್ಷೆ ಮಂಜೂರು ಮಾಡುವ ಮೊದಲೇ ಇದನ್ನು ನೋಡಿಕೊಂಡರೆ ಕಟ್ಟಿ ಕೆಡಹುವ ನಷ್ಟ ತಪ್ಪುತ್ತದೆ.

ಎರಡನೆಯದು ಕಸ. ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಪ್ರಾಣಿ ಕಡಿದು ತ್ಯಾಜ್ಯ ಎಸೆಯುವುದನ್ನು, ಕೊಳಕು ಸುರಿಯುವುದನ್ನು ವಿಮಾನ ನಿಯಮಗಳ 91ನೇ ನಿಯಮ ನಿಷೇಧಿಸುತ್ತದೆ. ರೋಸ್, ಮದುವೆ, ವಾರ್ಷಿಕ ಹಬ್ಬದ ಊಟ ಮುಗಿದ ಮೇಲೆ ಮಾಂಸದ ಮತ್ತು ಮೀನಿನ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂದು ಬಜ್ಪೆ ಸುತ್ತಲಿನ ಸಭಾಭವನಗಳು ಪ್ರಾಮಾಣಿಕವಾಗಿ ಹೇಳಬಲ್ಲವೇ? ಗುಡ್ಡದ ಬದಿಗೆ ಎಸೆದ ಒಂದು ಗೋಣಿ ತ್ಯಾಜ್ಯಕ್ಕೆ ಹತ್ತಾರು ಹದ್ದುಗಳು ಸೇರುತ್ತವೆ. ಇಂಜಿನಿಗೆ ಹೊಕ್ಕಲು ಒಂದು ಹದ್ದು ಸಾಕು.

ಮೂರನೆಯದು ತುರ್ತು ಸಿದ್ಧತೆ. ನಿಲ್ದಾಣದ ತುರ್ತು ಯೋಜನೆಯಲ್ಲಿ ಹೊರಗಿನ ಆಸ್ಪತ್ರೆ, ಆಂಬುಲೆನ್ಸ್, ಪೊಲೀಸ್, ಸ್ಥಳೀಯ ಸಂಸ್ಥೆಗಳೂ ಸೇರುತ್ತವೆ. ನಮ್ಮ ಆಸ್ಪತ್ರೆಗಳು ಈ ಅಣಕು ಕಾರ್ಯಾಚರಣೆಗಳಲ್ಲಿ ಮನಸ್ಸಿಟ್ಟು ಪಾಲ್ಗೊಳ್ಳಲಿ. 2010ರಲ್ಲಿ ಕೆಂಜಾರಿನ ಜನ ಜಾತಿ ಮತ ನೋಡದೆ ಕಮರಿಗೆ ಇಳಿದರು. ಅದೇ ಹೊತ್ತಿನಲ್ಲಿ ನೋಡಲು ಬಂದವರ ಗುಂಪು ಆಂಬುಲೆನ್ಸಿಗೆ ದಾರಿ ಕೊಡಲಿಲ್ಲ. ನಮ್ಮ ಯುವಜನ ಸಂಘಟನೆಗಳಿಗೆ ಪ್ರಥಮ ಚಿಕಿತ್ಸೆಯ ಜತೆಗೆ ಜನರನ್ನು ನಿಯಂತ್ರಿಸುವ ತರಬೇತಿಯನ್ನೂ ಕೊಡಿಸಿದರೆ ಅದು ದೊಡ್ಡ ಸೇವೆ.

ನಾಲ್ಕನೆಯದು ನ್ಯಾಯ. ಸುರಕ್ಷತೆಗೆ ಜಾಗ ಬೇಕೆಂದರೆ ಯಾರದೋ ಗದ್ದೆ, ತೋಟ, ಮನೆ ಹೋಗುತ್ತದೆ. ನಿಲ್ದಾಣಕ್ಕಾಗಿ ಒಂದಲ್ಲ ಎರಡು ಸಲ ಎದ್ದು ಹೋದ ಕುಟುಂಬಗಳು ಈ ಸುತ್ತಿನಲ್ಲಿವೆ. ಪ್ರಯಾಣಿಕರ ಜೀವ ಉಳಿಸುವ ಹೆಸರಿನಲ್ಲಿ ಬಡವನ ಬದುಕು ಅಗ್ಗಕ್ಕೆ ಹೋಗಬಾರದು. ಸಕಾಲದಲ್ಲಿ ಸರಿಯಾದ ಪರಿಹಾರ, ನೀರು ದಾರಿ ಇರುವ ಪುನರ್ವಸತಿ ಕೊಟ್ಟರೆ ಜಮೀನು ಸಿಗುತ್ತದೆ. ಕೊಡದೆ ತಡ ಮಾಡಿದರೆ ಸುರಕ್ಷತೆಯೂ ಇಲ್ಲ, ನ್ಯಾಯವೂ ಇಲ್ಲ.

ಕೊನೆಯ ಮಾತು

1981ರಲ್ಲಿ ಗುಡ್ಡ ಎಚ್ಚರಿಸಿತು. 1997ರಲ್ಲಿ, 2002ರಲ್ಲಿ ಊರವರು ಎಚ್ಚರಿಸಿದರು. 2010ರಲ್ಲಿ ಎಚ್ಚರಿಕೆಯ ಕಾಲ ಮೀರಿತ್ತು. ಅಂದು ವೆನ್ಲಾಕ್ ಆಸ್ಪತ್ರೆಯ ಅಂಗಳದಲ್ಲಿ ಸುಟ್ಟ ದೇಹಗಳ ಮುಂದೆ ನಿಂತು, ವಾಚು, ಉಂಗುರ, ಜಪಮಾಲೆ ನೋಡಿ ಇವನು ನಮ್ಮವನೇ ಇರಬೇಕು ಎಂದು ಹುಡುಕಿದ ಮನೆಯವರಿಗೆ ರೆಸಾ ಎಂದರೇನೆಂದು ತಿಳಿದಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಅವರಿಗೆ ಇರಬಾರದಿತ್ತು. ಅವರ ಪರವಾಗಿ ತಿಳಿದುಕೊಂಡು, ಅಳೆದು, ಕೇಳಿ, ಬಳಿಕ ಸಹಿ ಹಾಕಲೆಂದೇ ಒಂದು ಇಲಾಖೆ ಇದೆ, ಒಂದು ಅರ್ಜಿ ಇದೆ.

ಮುಂದಿನ ಸಲ ಬಜ್ಪೆಯಲ್ಲಿ ಇಳಿಯುವಾಗ ಕಿಟಕಿಯಿಂದ ಆ ಹಸಿರು ಕಮರಿಯನ್ನು ಒಮ್ಮೆ ನೋಡಿ. ಊರಿಗೆ ಬಂದ ಮೇಲೆ ಸಾಧ್ಯವಾದರೆ ಕೂಳೂರಿಗೂ ಹೋಗಿ ಬನ್ನಿ. ಹೆಸರಿಲ್ಲದ ಆ 12 ಮಂದಿಗೆ ಪ್ರಾರ್ಥನೆ ಸಲ್ಲಿಸಿ. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಗೋಪುರದ ಎತ್ತರ ಮತ್ತು ಹಬ್ಬದ ಕಸದ ವಿಷಯವನ್ನು ಎತ್ತಿ.